ಟೈರು ದಾಟಬಾರದ ಕಲ್ಲು

ಟ್ರ್ಯಾಕ್ಟರ್ ಟೈರಿನ ಅಂಗಡಿಗೆ ಹೊಸದಾಗಿ ಸೇರುವ ಹುಡುಗರು ಮೊದಲು ಟೈರು ನೋಡುತ್ತಾರೆ. ಹೊಳೆಯುವ ಕಪ್ಪು, ಮೈಮೇಲೆ ಹಲ್ಲಿನ ಹಾಗೆ ಉಬ್ಬಿದ ಎತ್ತರದ ಬಟನ್ನು, ಹೊಸ ರಬ್ಬರಿನ ವಾಸನೆ. ನಾನೂ ಹಾಗೇ ನಿಂತು ನೋಡಿದವನು. ಏಳನೇ ತರಗತಿ ಅರ್ಧಕ್ಕೆ ಬಿಟ್ಟು ಚಳ್ಳಕೆರೆಯ ಬಳ್ಳಾರಿ ರಸ್ತೆಯ ಅಂಗಡಿಯೊಂದಕ್ಕೆ ಬಂದ ದಿನ ನನ್ನ ಉಸ್ತಾದ್ ಖಾದರ್ ಸಾಬ್ ಹಿಂದಿನಿಂದ ತಲೆಗೆ ಮೊಟಕಿದರು.

"ಏನ್ ನೋಡ್ತೀಯಾ ತಿಪ್ಪೇಶಿ? ಟೈರು ಎಲ್ಲೂ ಓಡಿಹೋಗಲ್ಲ. ಗಿರಾಕಿ ಬಂದವ್ನೆ, ಆತನ್ನ ನೋಡು."

ನಾನು ಗಿರಾಕಿಯ ಮುಖ ನೋಡಿದೆ. ಇನ್ನೊಮ್ಮೆ ಮೊಟಕು ಬಿತ್ತು.

"ಮುಖ ಯಾಕೋ ಬೇಟಾ? ಹೆಣ್ಣು ಕೊಡಾಕೆ ಬಂದವ್ನಾ? ಹಿಮ್ಮಡಿ ನೋಡು, ಹಿಮ್ಮಡಿ."

ಹಿಮ್ಮಡಿಯ ಬಿರುಕಿನಲ್ಲಿ ಕಪ್ಪು ಮಣ್ಣು ಕೂತಿದ್ದರೆ ಆತನದು ಎರೆ ಹೊಲ. ಕೆಂಪಗಿದ್ದರೆ ಮಸಾರಿ. ಹಿಮ್ಮಡಿ ಉಜ್ಜಿ ನುಣ್ಣಗಾಗಿ, ಬೆರಳಿನ ಉಗುರು ಒಡೆದಿದ್ದರೆ ಗರಸು ನೆಲ, ಕಲ್ಲಿನ ಸೀಮೆ, ಹೆಚ್ಚಾಗಿ ಮೊಳಕಾಲ್ಮೂರು ಕಡೆಯವನು. ಗಿರಾಕಿ ಬಾಯಿ ಬಿಡುವ ಮೊದಲೇ ಅರ್ಧ ಗೊತ್ತಾಗಿಬಿಡುತ್ತಿತ್ತು. ಉಳಿದರ್ಧವನ್ನು ಕೇಳಿ ತಿಳಿಯಬೇಕು: ಹೊಲ ಉಳುವುದು ಹೆಚ್ಚೋ, ಬಾಡಿಗೆ ಹೊಡೆಯುವುದು ಹೆಚ್ಚೋ, ದಾರಿಯಲ್ಲಿ ಹಳ್ಳ ಐತೋ, ಇಳಿಜಾರು ಐತೋ. ಇಷ್ಟು ಕೇಳದೆ ಟೈರು ಇಳಿಸಿದವನನ್ನು ಉಸ್ತಾದ್ ಕೆಲಸಗಾರ ಅನ್ನುತ್ತಿರಲಿಲ್ಲ, ಹಮಾಲಿ ಅನ್ನುತ್ತಿದ್ದರು.

ಅವರು ಕಲಿಸಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಎರೆ ನೆಲಕ್ಕೆ ಬಟನ್ ಎತ್ತರ ಇರಬೇಕು, ಒಂದರಿಂದೊಂದು ದೂರ ಇರಬೇಕು. ಹತ್ತಿರ ಇದ್ದರೆ ನಡುವೆ ಮಣ್ಣು ಮೆತ್ತಿ, ಟೈರು ಮುದ್ದೆ ಕಟ್ಟಿದ ಹಾಗೆ ಆಗುತ್ತದೆ, ನಿಂತಲ್ಲೇ ತಿರುಗುತ್ತದೆ. ಮರಳಿಗೆ ಅದರ ತದ್ವಿರುದ್ಧ. ಎತ್ತರದ ಬಟನ್ನು ಮರಳಲ್ಲಿ ಗುಂಡಿ ತೋಡುತ್ತದೆ, ಇಂಜಿನ್ನು, ಅಂದರೆ ಟ್ರ್ಯಾಕ್ಟರು, ತನ್ನ ಗೋರಿ ತಾನೇ ತೋಡಿಕೊಳ್ಳುತ್ತದೆ. ಅಲ್ಲಿಗೆ ಅಗಲ ಟೈರು, ಗಿಡ್ಡ ಬಟನ್ನು, ಗಾಳಿ ಸ್ವಲ್ಪ ಇಳಿಸಿ ನಿಧಾನಕ್ಕೆ ತೇಲಿಸಿಕೊಂಡು ಹೋಗಬೇಕು. ಗರಸಿಗೆ ಗಟ್ಟಿ ಪದರದ ಟೈರು, ಬಟನ್ ಒತ್ತಾಗಿರಬೇಕು, ಗಾಳಿ ಬಿಗಿಯಾಗಿರಬೇಕು, ಇಲ್ಲದಿದ್ದರೆ ಟೈರಿನ ಪಕ್ಕೆಯನ್ನು ಕಲ್ಲು ಸೀಳುತ್ತದೆ. ಹಿಂದಿನ ಟೈರಿಗೆ ನೀರು ತುಂಬಿಸಿದರೆ ಒಣ ಹೊಲದಲ್ಲಿ ಹಿಡಿತ ಸಿಗುತ್ತದೆ, ಹಸಿ ಎರೆಯಲ್ಲಿ ಅದೇ ನೀರು ಇಂಜಿನ್ನನ್ನು ಕೆಳಕ್ಕೆ ಎಳೆಯುತ್ತದೆ. ಎಲ್ಲ ನೆಲಕ್ಕೂ ಆಗುವ ಒಂದು ಟೈರು ಐತೆ ಅಂತ ಯಾರಾದರೂ ಹೇಳಿದರೆ ಆತ ಮಾರುವವನು, ಹಾಕುವವನಲ್ಲ.

ಇದನ್ನು ಕೇಳದವರ ಕಥೆಗಳು ಬೇಕಾದಷ್ಟಿವೆ. ಗುರುಸಿದ್ದಪ್ಪ ಎಂಬ ಯಜಮಾನ ತನ್ನ ಷಡ್ಡಕ ಭತ್ತದ ಗದ್ದೆಗೆ ಹಾಕಿಸಿದ ಎತ್ತರದ ಬಟನ್ನಿನ ಟೈರನ್ನೇ ತನಗೂ ಬೇಕೆಂದು ಹಟ ಹಿಡಿದ. ಆತನ ಇಂಜಿನ್ನು ಇಟ್ಟಿಗೆ ಹೊತ್ತು ಟಾರು ರಸ್ತೆ ಬಿಟ್ಟು ಇಳಿಯುತ್ತಿರಲಿಲ್ಲ.

"ಷಡ್ಡಕನ ಟೈರು ನೋಡಿ ಟೈರು ಹಾಕಿಸಬ್ಯಾಡ್ರಿ ಯಜಮಾನ್ರೆ," ಅಂದೆ.

"ಆತಂದು ಗತ್ತು, ನಂದು ಏನ್ಲೇ? ಹಾಕು ಸುಮ್ನೆ."

ಹಾಕಿದೆ. ಮುಂದಿನ ಸುಗ್ಗಿಯ ಹೊತ್ತಿಗೆ ಬಟನ್ನೆಲ್ಲ ರಸ್ತೆ ತಿಂದಿತ್ತು. ಕೂತವನ ಸೊಂಟವನ್ನೂ ತಿಂದಿತ್ತು. ಆತ ಅಂಗಡಿಗೆ ಬಂದಾಗ ಉಸ್ತಾದ್ ಎದ್ದು ಮಣೆ ಕೊಟ್ಟು, "ಕೂರ್ರಿ ಸಾಹುಕಾರ್ರೆ, ನಿಧಾನಕ್ಕೆ," ಅಂದರು. ಇಡೀ ಅಂಗಡಿ ನಕ್ಕಿತು. ಆ ಅಂಗಡಿಯಲ್ಲಿ ನಕ್ಕ ನೆನಪುಗಳು ನನಗೆ ಹೆಚ್ಚಿಲ್ಲ, ಅದಕ್ಕೆ ಇದನ್ನು ಬರೆದೆ.

ಉಸ್ತಾದರ ಕೊನೆ ನಗುವಂಥದ್ದಾಗಿರಲಿಲ್ಲ. ಆಗ ಸಬ್ಬಲ್ಲು, ಮರದ ಸುತ್ತಿಗೆ, ಕಾಲಿನ ಬಲ ಇಷ್ಟೇ ಸಾಮಾನು. ಒಮ್ಮೆ ಗಾಳಿ ಹಿಡಿಯುವಾಗ ಟೈರಿನ ಅಂಚು ರಿಮ್ಮಿಗೆ ಕೂರದೆ ಸಿಡಿಯಿತು. ಅವರು ಮೇಲೆ ಬಗ್ಗಿ ಕಿವಿಗೊಟ್ಟು ಸದ್ದು ಕೇಳುತ್ತಿದ್ದರು, ಅದು ಅವರ ಅಭ್ಯಾಸ. ಜೀವ ಉಳಿಯಿತು, ಎರಡೂ ಕಿವಿ ಹೋದವು. ಆಮೇಲೆ ಅಂಗಡಿ ಮುಂದೆ ಕೂತು ಬರುವವರ ಕಾಲು ನೋಡಿ ನನಗೆ ಸನ್ನೆ ಮಾಡುತ್ತಿದ್ದರು, ಒಂದು ಮಳೆಗಾಲದಲ್ಲಿ ಅದೂ ನಿಂತಿತು. ಈಗ ಸರಪಳಿ ಕಟ್ಟಿ, ದೂರ ನಿಂತು ಗಾಳಿ ಹಿಡಿಯುತ್ತಾರೆ. ಟೈರು ಬಿಚ್ಚುವ ಮಷೀನು ಬಂದಿದೆ, ಟ್ಯೂಬಿಲ್ಲದ ಟೈರು ಬಂದಿದೆ. ಒಳ್ಳೆಯದೇ ಆಯಿತು. ಮಷೀನಿದ್ದರೂ ಟೈರಿನ ಮೇಲೆ ಬಗ್ಗಬೇಡಿ.

ಇನ್ನು ನಾನು ಬರೆಯಲೇಬೇಕು ಅಂದುಕೊಂಡದ್ದಕ್ಕೆ ಬರುತ್ತೇನೆ.

ಮೊಳಕಾಲ್ಮೂರು ಕಡೆಯ ಒಂದು ಹಟ್ಟಿಯಿಂದ ಓಬಣ್ಣ ಎಂಬಾತ ಬಂದ. ಹಿಮ್ಮಡಿ ನೋಡಿದೆ, ಬಗೆಹರಿಯಲಿಲ್ಲ. ಬಿರುಕಿನಲ್ಲಿ ಎರೆ, ಮೇಲೆ ಮರಳು, ಉಗುರು ಒಡೆದಿತ್ತು.

"ಏನಪ್ಪಾ, ಮೂರು ನೆಲ ತುಳಿದು ಬಂದೀಯಲ್ಲ?"

"ಮೂರೂ ತುಳೀಲೇಬೇಕು ಕಣಣ್ಣ, ನಮ್ಮಣ್ಣ ಸುತ್ತಾಕಿಸ್ತಾನೆ," ಅಂದ.

ಅವನಣ್ಣ ಬೋರಯ್ಯ, ದೇವರ ಎತ್ತುಗಳ ಕಿಲಾರಿ. ನಮ್ಮ ಸೀಮೆಯವರಿಗೆ ಹೇಳಬೇಕಾದ್ದಿಲ್ಲ, ಹೊರಗಿನಿಂದ ಬಂದ ಹುಡುಗರಿಗೆ ಹೇಳುತ್ತೇನೆ: ಕೆಲವು ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಮಂದೆ ಇರುತ್ತದೆ. ಅವುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಮಾರುವಂತಿಲ್ಲ. ಅವನ್ನು ಕಾಯುವವನೇ ಕಿಲಾರಿ. ಅವು ಮಲಗುವ ಮುಳ್ಳುಬೇಲಿಯ ರೊಪ್ಪಕ್ಕೆ ಯಾರೂ ಕೆರ ಮೆಟ್ಟಿ ಹೋಗುವಂತಿಲ್ಲ. ಈ ಹಟ್ಟಿಯ ರೊಪ್ಪ ಗರಸಿನ ದಿಬ್ಬದ ಮೇಲಿತ್ತು. ದಿಬ್ಬದ ಬುಡದಲ್ಲಿ ಒಂದು ಕಲ್ಲು ನೆಟ್ಟಿತ್ತು, ಕೆರ ಬಿಡುವ ಕಲ್ಲು. ಅಲ್ಲಿಂದ ಮುಂದೆ ಬರಿಗಾಲು.

ಮೊದಲೆಲ್ಲ ಮಂದೆ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿನವರೆಗೆ ಮೇಯುತ್ತ ಹೋಗಿಬರುತ್ತಿತ್ತು. ಕಾವಲಿಗೆ ಬೇಲಿ, ಗೋಡೆ ಬಂದ ಮೇಲೆ ಹೋಗುವ ದಾರಿಗಳು ಮುಚ್ಚಿದವು. ಹಾಗಾಗಿ ವರ್ಷದ ಮೇವನ್ನು ಊರೂರಿಂದ ತಂದು ರೊಪ್ಪದಲ್ಲೇ ಬಣವೆ ಒಟ್ಟಬೇಕಾಯಿತು. ಕಲ್ಲಿನ ಬಳಿ ಇಳಿಸಿದರೆ ದಾರಿಯ ದನವೆಲ್ಲ ಮುತ್ತುತ್ತಿದ್ದವು, ತಲೆಮೇಲೆ ಹೊರಲು ಹಟ್ಟಿಯಲ್ಲಿ ಗಂಡಾಳುಗಳು ಉಳಿದಿರಲಿಲ್ಲ. ಓಬಣ್ಣ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದದ್ದು ಇದಕ್ಕೇ. ಗರಸಿನ ದಾರಿ ಗಟ್ಟಿಯಾಗಿತ್ತು, ನೇರ ಏರಿದರೆ ರೊಪ್ಪ. ಆದರೆ ಬೋರಯ್ಯ ಕಲ್ಲಿನ ಬಳಿ ಕೋಲು ಅಡ್ಡ ಹಿಡಿದ.

ನೆಲ ನೋಡಲು ನಾನೇ ಹೋದೆ. ಬೋರಯ್ಯ ಎಲುಬು ಚರ್ಮದ ಮುದುಕ, ಹೆಗಲ ಮೇಲೆ ಕರಿ ಕಂಬಳಿ. ಅವರು ಮನೆಯಲ್ಲಿ ತೆಲುಗು ಆಡುವ ಜನ, ನನ್ನ ಜೊತೆ ಎರಡೂ ಬೆರೆಸಿ ಆಡಿದ.

"ಟ್ರ್ಯಾಕ್ಟರ್ ಬ್ಯಾಡ ಅಂದೋರ್ಯಾರು? ಕೆರ ಬಿಟ್ಟು ಬರ್ಲಿ," ಅಂದ.

"ಟೈರು ಕೆರ ಹೆಂಗಾಗ್ತೈತೆ ಅಜ್ಜ?"

ಕಲ್ಲಿನ ಬಳಿ ಯಾರೋ ಬಿಟ್ಟಿದ್ದ ಜೋಡನ್ನು ಕೋಲಿನಿಂದ ಎತ್ತಿ ನನ್ನ ಮೂಗಿನ ಮುಂದೆ ಹಿಡಿದ. ನಮ್ಮ ಕಡೆ ಕುರಿ ಕಾಯುವವರು ಮೆಟ್ಟುವ ಟೈರಿನ ಕೆರ, ಹಳೆ ಟೈರು ಕೊಯ್ದು ಮಾಡಿದ್ದು.

"ಇದು ಯಾತರದ್ದು? ನಿಮ್ಮಂಗಡೀದೇ ಅಲ್ವಾ? ಅಂಗೈಯಗಲ ತುಂಡು ಒಳಗೆ ಬರಂಗಿಲ್ಲ ಅಂದ್ಮೇಲೆ ಅಷ್ಟು ದೊಡ್ಡದು ಹೆಂಗೆ ಬರ್ತೈತೆ? ವದ್ದು ನಾಯನಾ, ಬ್ಯಾಡ."

ಓಬಣ್ಣ ನನ್ನ ಮುಖ ನೋಡಿದ. ನಾನು ಬೇರೆ ದಾರಿ ಯಾವುದೈತೆ ಅಂತ ಕೇಳಿದೆ. ಟೈರು ಗಾಡಿಯ ಕೆರ ಅಂತ ಉಸ್ತಾದ್ ದಿನಾ ಹೇಳುತ್ತಿದ್ದರು, ನಾನೂ ಗಿರಾಕಿಗಳಿಗೆ ಹೇಳುತ್ತ ಬಂದವನು.

ಉಳಿದದ್ದು ಸುತ್ತು ದಾರಿ. ಹಿಂದಿನ ಹಳ್ಳದ ಮರಳಿನಲ್ಲಿ ಇಳಿದು, ಒಂದು ಪಟ್ಟಿ ಎರೆ ಹೊಲ ದಾಟಿ, ದಿಬ್ಬದ ಬೆನ್ನಿಗೆ ಹೋಗಿ ಬೇಲಿಯ ಮೇಲಿಂದ ಮೇವು ಒಳಗೆ ಎಸೆಯಬೇಕು. ನಾನು ಆ ಹಳ್ಳದಲ್ಲಿ ನಡೆದೆ, ಕಾಲು ಹೂತು ನೋಡಿದೆ. ಹಾದಿಯ ಹೆಚ್ಚಿನ ಪಾಲು ಮರಳು, ವರ್ಷದ ಹೆಚ್ಚಿನ ದಿನ ಒಣಗಿರುವುದು. ಅಗಲವಾದ, ಗಿಡ್ಡ ಬಟನ್ನಿನ ಟೈರು ಹಾಕಿದೆ. ನೀರು ತುಂಬಿಸಲಿಲ್ಲ.

"ಓಬಣ್ಣ, ಇದು ಮರಳಿನ ಟೈರು. ಮಳೆ ಬಿದ್ದ ಮೇಲೆ ಎರೆಗೆ ಇಳಿಸಬ್ಯಾಡ. ಇಳಿಸಿದ್ಯೋ, ನಾನಲ್ಲ, ದೇವರು ಬಂದ್ರೂ ಎತ್ತಲ್ಲ."

"ಮಳೆ ಬಂದ್ರೆ ಹುಲ್ಲೇ ಬರ್ತೈತಲ್ಲಣ್ಣ, ಟ್ರ್ಯಾಕ್ಟರ್ ಯಾಕೆ ಇಳಿಸ್ಲಿ?" ಅಂತ ನಕ್ಕ.

ಆ ಟೈರು ಹಲವು ವರ್ಷ ಬಾಳಿತು. ಅಗಲದ ಟೈರು ಮರಳಿನಲ್ಲಿ ತೇಲಿ ಹೋಗುವುದನ್ನು ಬೋರಯ್ಯ ದಿಬ್ಬದ ಮೇಲಿಂದ ನೋಡುತ್ತಿದ್ದನಂತೆ. ನಾನು ಆ ಕಡೆ ಹೋದಾಗಲೆಲ್ಲ ಕಲ್ಲಿನ ಬಳಿ ಚಪ್ಪಲಿ ಬಿಟ್ಟು ಮೇಲೆ ಹತ್ತುತ್ತಿದ್ದೆ. ಮಂದೆಯ ಮುಂದಾಳು ಒಂದು ಬಿಳಿ ಎತ್ತು, ಮುದಿಯಾಗಿತ್ತು. ಅದನ್ನು ಪೆದ್ದಯ್ಯ ಅಂತ ಕರೆಯುತ್ತಿದ್ದರು, ತೆಲುಗಿನಲ್ಲಿ ಹಿರಿಯ ಅಂತ ಅರ್ಥ. ಅದು ಎದ್ದರೆ ಮಂದೆ ಏಳುತ್ತಿತ್ತು, ಮಲಗಿದರೆ ಮಲಗುತ್ತಿತ್ತು. ಬೋರಯ್ಯ ಅದಕ್ಕೆ ಮೊದಲು ಕೈ ಮುಗಿದು ಆಮೇಲೆ ನನ್ನನ್ನು ಮಾತಾಡಿಸುತ್ತಿದ್ದ.

ಒಂದು ವರ್ಷ ಮುಂಗಾರು ತಡಮಾಡದೆ ಬಂತು, ಬಂದದ್ದು ಬಿಡಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೆ ಓಬಣ್ಣನ ಫೋನು.

"ಅಣ್ಣ, ಎರೇಲಿ ಸಿಕ್ಕಾಕ್ಕೊಂಡೈತೆ. ಬಾ."

"ಲೇ, ಮಳೇಲಿ ಇಳಿಸಬ್ಯಾಡ ಅಂದಿರ್ಲಿಲ್ವೇನಲೇ?"

"ಪೆದ್ದಯ್ಯ ಬಿದ್ದೈತೆ ಅಣ್ಣ. ರೊಪ್ಪದ ಬಂಡೆ ಮೇಲೆ ಜಾರೈತೆ. ಏಳ್ತಿಲ್ಲ."

ನಾನು ಜಾಕಿ, ಹಲಗೆ ಕಟ್ಟಿಕೊಂಡು ಹೋದೆ. ದನದ ಡಾಕ್ಟರು ನಡೆದುಕೊಂಡೇ ಮೇಲೆ ಹತ್ತಿ ಸೂಜಿ ಹಾಕಿ ಇಳಿದಿದ್ದರು. ತೊಡೆಯ ಸಂದು ತಪ್ಪಿದೆ, ಆಸ್ಪತ್ರೆಗೆ ಒಯ್ದು ಪಟ್ಟಿಯಲ್ಲಿ ತೂಗುಹಾಕಿ ನಿಲ್ಲಿಸಿದರೆ ಬದುಕಬಹುದು, ಸಂಜೆಯವರೆಗೆ ಹೀಗೇ ಬಿದ್ದರೆ ಉಸಿರು ಕಟ್ಟುತ್ತದೆ ಅಂದಿದ್ದರಂತೆ. ಅಷ್ಟು ಭಾರದ ಎತ್ತನ್ನು ಹೊರಲು ಹೆಗಲುಗಳಿರಲಿಲ್ಲ. ಟ್ರೇಲರ್ ರೊಪ್ಪದವರೆಗೆ ಬರಲೇಬೇಕಿತ್ತು. ಓಬಣ್ಣ ಹಳ್ಳದ ನೀರಿನ ಅಂಚು ಹಿಡಿದು ಸುತ್ತು ದಾರಿಯಲ್ಲಿ ನುಗ್ಗಿದ್ದ, ಎರೆ ಪಟ್ಟಿ ಅವನನ್ನು ಹಿಡಿದುಕೊಂಡಿತ್ತು. ನಾನು ಆರಿಸಿ ಹಾಕಿದ ಗಿಡ್ಡ ಬಟನ್ನಿನ ನಡುವೆ ಮಣ್ಣು ಮೆತ್ತಿ, ಟೈರು ಕರಿ ಉಂಡೆಯಾಗಿತ್ತು. ಹಲಗೆ ಕೊಟ್ಟು, ಮಣ್ಣು ಕೆರೆದು, ಹಿಂದಕ್ಕೆ ಎಳೆದು ತೆಗೆಯಲು ಆಯಿತು. ಮುಂದಕ್ಕೆ ಹೋಗಲು ಆ ದಿನ ಯಾವ ಟೈರಿಗೂ ಆಗುತ್ತಿರಲಿಲ್ಲ.

ಕಲ್ಲಿನ ಬಳಿಗೆ ಇಂಜಿನ್ ತಂದು ನಿಲ್ಲಿಸಿದೆವು. ಗರಸು ಮಳೆಗೆ ತೊಳೆದು ಇನ್ನೂ ಗಟ್ಟಿಯಾಗಿ ಕಾಣುತ್ತಿತ್ತು. ಬೋರಯ್ಯ ಮೇಲಿಂದ ಇಳಿದು ಬಂದ. ಮಳೆಯಲ್ಲಿ ನೆನೆದು ಕಂಬಳಿಯಿಂದ ನೀರು ಇಳಿಯುತ್ತಿತ್ತು.

"ಅಣ್ಣಾ, ದಾರಿ ಬಿಡು," ಅಂದ ಓಬಣ್ಣ. "ಉಸಿರು ಹೋಗ್ತೈತೆ ಅಲ್ಲಿ."

ಮುದುಕ ತಮ್ಮನ ಕಡೆ ತಿರುಗಲಿಲ್ಲ. ನನ್ನನ್ನೇ ಕೇಳಿದ. "ಏಮಪ್ಪಾ ಟೈರಿನ ತಿಪ್ಪೇಸ್ವಾಮಿ. ಅವತ್ತು ಕೇಳಿದ್ದಕ್ಕೆ ನೀನು ಉತ್ರ ಕೊಡ್ಲಿಲ್ಲ. ಇವತ್ತು ಹೇಳು. ಇದು ಕೆರ ಹೌದೋ ಅಲ್ವೋ?"

ಅಲ್ಲ ಅನ್ನಬಹುದಿತ್ತು. ಹಾಗಂದಿದ್ದರೆ ಆತ ನಂಬುತ್ತಿದ್ದನೋ ಏನೋ. ಓಬಣ್ಣ ಹಿಂದಿನಿಂದ ನನ್ನ ಅಂಗಿ ಜಗ್ಗುತ್ತಿದ್ದ. ಆದರೆ ಆ ಮುದುಕ ದುಡಿದದ್ದು ತನ್ನ ಎತ್ತಿನ ಕೆಲಸದಲ್ಲಿ, ನಾನು ದುಡಿದದ್ದು ನನ್ನ ಟೈರಿನ ಕೆಲಸದಲ್ಲಿ. ಇಬ್ಬರೂ ಕೆಲಸಗಾರರು. ಅವನೆದುರು ಸುಳ್ಳು ಬರಲಿಲ್ಲ.

"ಕೆರಾನೇ ಅಜ್ಜ," ಅಂದೆ.

ಆತ ತಲೆಯಾಡಿಸಿದ. ಒಮ್ಮೆ ಮೇಲೆ ರೊಪ್ಪದ ಕಡೆ ನೋಡಿದ. ಆಮೇಲೆ ಹೆಗಲ ಕಂಬಳಿ ತೆಗೆದು ಹಿಂಡಿ, ಕಲ್ಲಿನಾಚೆ ನೆಲದ ಮೇಲೆ ಹಾಸಿದ, ದೇವರ ಗದ್ದುಗೆಗೆ ಹಾಸುವ ಹಾಗೆ ಸುಕ್ಕು ಸರಿಮಾಡಿ.

"ನೆಲ ಮುಟ್ಟಬಾರ್ದು. ಇದರ ಮ್ಯಾಲೆ ಬರ್ಲಿ."

ಹಟ್ಟಿಯ ಹೆಂಗಸರು ಮನೆಗಳಿಂದ ಕಂಬಳಿ ತಂದರು. ಒಂದೊಂದು ಗಾಲಿಯ ಮುಂದೆ ಕಂಬಳಿ, ದಾಟಿದ ಮೇಲೆ ಹಿಂದಿನದನ್ನು ಎತ್ತಿ ಮತ್ತೆ ಮುಂದೆ. ನಾನು ಬರಿಗಾಲಲ್ಲಿ ಇಂಜಿನ್ನಿನ ಮುಂದೆ ಹಿಂದಾಗಿ ನಡೆಯುತ್ತ, "ನಿಧಾನ, ಗಾಲಿ ತಿರುಗಿಸಬ್ಯಾಡ, ಉಣ್ಣೆ ಹರೀತೈತೆ," ಅಂತ ಕೈ ತೋರಿಸಿದೆ. ಬಟನ್ ಗಿಡ್ಡ ಇದ್ದದ್ದಕ್ಕೆ ಕಂಬಳಿ ಹರಿಯಲಿಲ್ಲ. ನಾನು ಯಾವುದೋ ನೆಲಕ್ಕೆ ಆರಿಸಿದ ಟೈರು ಕಂಬಳಿಗೆ ಹೊಂದಿತು. ಟೈರು ಇಷ್ಟು ಸರಿಯಾಗಿ ಕೂತು, ಮನಸ್ಸಿಗೆ ಇಷ್ಟು ಕೆಟ್ಟದೆನಿಸಿದ್ದು ನನ್ನ ಕೆಲಸದಲ್ಲಿ ಇನ್ನೊಂದಿಲ್ಲ. ಬೋರಯ್ಯ ನಡುವೆ ಒಮ್ಮೆಯೂ ತಲೆ ಎತ್ತಲಿಲ್ಲ, ಬಗ್ಗಿಕೊಂಡೇ ಕಂಬಳಿ ಹಾಸುತ್ತ ಹತ್ತಿದ.

ಹಲಗೆ ಇಟ್ಟು, ಹಗ್ಗ ಕಟ್ಟಿ, ಪೆದ್ದಯ್ಯನನ್ನು ಟ್ರೇಲರಿಗೆ ಎಳೆದೆವು. ಮಂದೆಯ ಉಳಿದ ಎತ್ತುಗಳು ಬೇಲಿಯ ಬಳಿ ಸಾಲಾಗಿ ನಿಂತು ನೋಡಿದವು. ಇಳಿಯುವಾಗಲೂ ಕಂಬಳಿಯ ಮೇಲೇ ಇಳಿದೆವು. ಟಾರು ರಸ್ತೆ ಸಿಕ್ಕಿತು, ಓಬಣ್ಣ ಜೋರು ಮಾಡಿದ. ಟ್ರೇಲರಿನಲ್ಲಿ ಬೋರಯ್ಯ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ನಾನು ಪಕ್ಕದಲ್ಲಿ. ಚಳ್ಳಕೆರೆ ಇನ್ನೂ ದೂರ ಇರುವಾಗ ಆತ ತಮ್ಮನನ್ನು ಕೂಗಿದ.

"ಓಬಾ, ನಿಲ್ಸು. ಇನ್ನು ಅವಸ್ರ ಇಲ್ಲ."

ರಸ್ತೆಯ ಪಕ್ಕ ನಿಲ್ಲಿಸಿದ ಓಬಣ್ಣ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತ. ಬೋರಯ್ಯ ಅಳಲಿಲ್ಲ. ಕೆಳಗಿನ ಟಾರು ರಸ್ತೆ ನೋಡಿ ಹೇಳಿದ: "ಹೋಗೋದು ಹೆಂಗೂ ಹೋಗ್ತಿತ್ತು. ತನ್ನ ನೆಲದ ಮ್ಯಾಲೆ ಹೋಗ್ತಿತ್ತು."

ಅದನ್ನು ಹಿಂದಕ್ಕೆ ತಂದು, ವಾದ್ಯ ಬಾರಿಸಿ, ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡಿದರು. ಅದಾದ ಮೇಲೆ ಬೋರಯ್ಯ ತನ್ನ ಕೋಲನ್ನು ಕೆರ ಬಿಡುವ ಕಲ್ಲಿಗೆ ಒರಗಿಸಿ ಹಟ್ಟಿಗೆ ಇಳಿದ. ಕಂಬಳಿ ಹಾಸಿದೆನೋ ಇಲ್ಲವೋ, ಕೆರವನ್ನು ಒಳಗೆ ಕರೆದವನು ನಾನೇ, ಇನ್ನು ಕಿಲಾರಿ ಅನ್ನಿಸಿಕೊಳ್ಳಲಾರೆ ಅಂದನಂತೆ. ಹಟ್ಟಿಯ ಹಿರಿಯರು ಬೇಡಿಕೊಂಡರು, ಕೇಳಲಿಲ್ಲ. ಕೋಲು ಅಲ್ಲೇ ಒರಗಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಬರಿಗಾಲಲ್ಲಿ ಮಂದೆಯ ಹಿಂದೆ ವರ್ಷ ಕಳೆಯಲು ಯಾವ ಹುಡುಗ ಬರುತ್ತಾನೆ? ತಪ್ಪು ಅನ್ನಲಾರೆ, ಹೊಟ್ಟೆ ಎಲ್ಲರಿಗೂ ಐತೆ. ಕೊನೆಗೆ ಆಂಧ್ರದ ಗಡಿಯಾಚೆಗಿನ ಇನ್ನೊಂದು ಹಟ್ಟಿಯವರು ಬಂದು, ತಮ್ಮ ದೇವರ ಮಂದೆಯ ಜೊತೆ ಸೇರಿಸಿಕೊಳ್ಳುತ್ತೇವೆ ಅಂತ ಎತ್ತುಗಳನ್ನು ಹೊಡೆದುಕೊಂಡು ಹೋದರು. ಮುಂದಾಳು ಇಲ್ಲದ ಮಂದೆ ದಾರಿಯುದ್ದಕ್ಕೂ ಹಿಂದೆ ತಿರುಗಿ ನಿಲ್ಲುತ್ತಿತ್ತಂತೆ.

ನಾನು ಕೆಲಸ ಬಿಡುವ ಮೊದಲು ಓಬಣ್ಣ ಇನ್ನೊಮ್ಮೆ ಟೈರಿಗೆ ಬಂದ. ಹಿಮ್ಮಡಿ ನೋಡಿದೆ. ಎರೆ ಇಲ್ಲ, ಮರಳಿಲ್ಲ. ಬರೀ ಗರಸಿನ ಕೆಂಪು ಪುಡಿ.

"ಯಾವ ಕೆಲ್ಸ ಈಗ?"

"ಗರಸು ಹೊಡೀತೀನಣ್ಣ, ರಸ್ತೆ ಕೆಲ್ಸಕ್ಕೆ."

"ಎಲ್ಲಿಂದ?"

ಆತ ಅಂಗಡಿಯ ಮುಂದೆ ಹೋಗುತ್ತಿದ್ದ ಲಾರಿ ನೋಡಿದ. "ನಮ್ಮ ದಿಬ್ಬದಿಂದ್ಲೇ," ಅಂದ. "ನಾನು ಬ್ಯಾಡ ಅಂದ್ರೆ ಇನ್ನೊಬ್ಬ ಹೊಡೀತಾನೆ."

ಗಟ್ಟಿ ಪದರ, ಒತ್ತು ಬಟನ್ನು, ಬಿಗಿ ಗಾಳಿ. ಆ ನೆಲಕ್ಕೆ ಯಾವುದು ಸರಿಯೋ ಅದನ್ನೇ ಹಾಕಿದೆ. ನನ್ನ ಕೆಲಸ ಅದು. ಬಿಚ್ಚಿದ ಮುಂದಿನ ಗಾಲಿಗಳ ಹಳೆ ಟೈರುಗಳನ್ನು ಆತ ಗಾಡಿಯಲ್ಲೇ ಹಾಕಿಕೊಂಡು ಹೋದ.

ಬೋರಯ್ಯನನ್ನು ಕೊನೆಯದಾಗಿ ನೋಡಿದ್ದು ಮೊಳಕಾಲ್ಮೂರು ಸಂತೆಯಲ್ಲಿ, ನನ್ನ ಮೊಣಕಾಲು ಕೈಕೊಟ್ಟು ಅಂಗಡಿ ಬಿಟ್ಟ ಮೇಲೆ. ಮೊದಲು ಕಂಡದ್ದು ಆತನಲ್ಲ, ಧೂಳಿನಲ್ಲಿ ಬಿದ್ದ ಹೆಜ್ಜೆ. ಒಂದೊಂದು ಹೆಜ್ಜೆಯಲ್ಲೂ ಮೂರು ಉದ್ದ ಗೆರೆ. ಟ್ರ್ಯಾಕ್ಟರಿನ ಮುಂದಿನ ಟೈರಿನ ಗುರುತು ಅದು, ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಗೆರೆ ಹಿಡಿದು ಹೋದರೆ ಹುಣಸೆ ಮರದ ಕೆಳಗೆ ಮುದುಕ ಕೂತಿದ್ದ. ಕಾಲಲ್ಲಿ ಟೈರಿನ ಕೆರ, ಓಬಣ್ಣ ಆ ಹಳೆ ಟೈರು ಕೊಯ್ಯಿಸಿ ಕೊಟ್ಟದ್ದು. ಕೂತಾಗಲೂ ಬಿಟ್ಟಿರಲಿಲ್ಲ.

ಪಕ್ಕದಲ್ಲಿ ಕೂತೆ. ಏನು ಮಾತಾಡುವುದೋ ತಿಳಿಯದೆ ಕೇಳಿದೆ: "ಗಟ್ಟಿ ಐತಾ ಅಜ್ಜ ಕೆರ?"

"ಸವೆಯಂಗೇ ಕಾಣಂಗಿಲ್ಲ," ಅಂದ. ಕಾಲು ಚಾಚಿ ಅದನ್ನೇ ನೋಡಿದ. "ಬೆಳಿಗ್ಗೆ ಮೆಟ್ಟಿದ್ರೆ ಮಲಗೋವರೆಗೂ ಕಾಲಲ್ಲೇ. ಬಿಡೋಕೆ ಈಗ ಎಲ್ಲೂ ಜಾಗ ಇಲ್ಲವಲ್ಲಪ್ಪ."